ಕಂಪ್ರೆಸರ್ ಸತ್ತಿದೆ ಅನ್ನೋ ಮುಂಚೆ, ಸತ್ತಿದ್ದರೆ ಆಮೇಲೆ

ರಾಯಚೂರಲ್ಲಿ ಯುಗಾದಿ ದಾಟಿತೆಂದರೆ ನಮ್ಮ ಶೆಡ್ಡಿನ ಮುಂದೆ ಎಸಿ ಕೆಟ್ಟ ಕಾರುಗಳು ಸಾಲುಗಟ್ಟುತ್ತವೆ. ಗಾಜು ಇಳಿಸಿಕೊಂಡು, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಬಂದವರು ಕೆಳಗಿಳಿಯುವ ಮುಂಚೆಯೇ ತೀರ್ಪು ಕೊಡುತ್ತಾರೆ: "ಕಂಪ್ರೆಸರ್ ಹೋಗ್ಯಾದಂತ್ರೀ." ಯಾರು ಹೇಳಿದರು ಅಂದರೆ, ಯಾರೋ ಹೇಳಿದರು. ಇಲ್ಲದಿದ್ದರೆ ಇನ್ನೊಂದು ಮಾತು: "ಏನಿಲ್ರಿ ಉಸ್ತಾದ್, ಒಂಚೂರು ಗ್ಯಾಸ್ ಹಾಕ್ರಿ ಸಾಕು." ಎರಡೂ ಬಹಳ ಸಲ ಸುಳ್ಳು. ಕಂಪ್ರೆಸರ್ ಅಂದರೆ ಎಸಿಯ ಗ್ಯಾಸನ್ನು ಒತ್ತಿ ಪೈಪುಗಳಲ್ಲಿ ಸುತ್ತಿಸುವ ಪಂಪು.

ನಾನೂ ಒಮ್ಮೆ ಹಾಗೇ ಹೇಳಿ ಮಾನ ಕಳೆದುಕೊಂಡವನು. ಶೆಡ್ ಹಾಕಿದ ಹೊಸದರಲ್ಲಿ ಒಬ್ಬ ಮೇಷ್ಟ್ರ ಕಾರಿಗೆ ಹೊಸ ಕಂಪ್ರೆಸರ್ ತರಿಸಿ, ಹಳೇದು ಬಿಚ್ಚಿ, ಹೊಸದು ಕೂರಿಸಿ, ಗ್ಯಾಸ್ ತುಂಬಿ ಸ್ವಿಚ್ ಒತ್ತಿದರೆ ಅದೂ ತಿರುಗಲಿಲ್ಲ. ಸತ್ತಿದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ರಿಲೇ, ಕಂಪ್ರೆಸರಿಗೆ ಕರೆಂಟ್ ಬಿಡುವ ಸ್ವಿಚ್ಚು. ಮೇಷ್ಟ್ರು ಏನೂ ಅನ್ನಲಿಲ್ಲ, ಹಳೇ ಕಂಪ್ರೆಸರನ್ನೇ ವಾಪಸ್ ಹಾಕಿಸಿಕೊಂಡು ಹೋದರು. ಎರಡು ಸಲದ ಗ್ಯಾಸಿನ ದುಡ್ಡು ನನ್ನ ಜೇಬಿನಿಂದ ಹೋಯಿತು. ಅವತ್ತಿನಿಂದ ಸ್ಪ್ಯಾನರ್ ಮುಟ್ಟುವುದು ಕೊನೆಗೆ.

ಮೊದಲು ಕಣ್ಣು, ಕಿವಿ. ಎಂಜಿನ್ ಸ್ಟಾರ್ಟ್ ಮಾಡಿ, ಬ್ಲೋವರ್ ಪೂರ್ತಿ ಇಟ್ಟು, ಎಸಿ ಒತ್ತಿ, ಬಾನೆಟ್ ಎತ್ತಿ ನಿಲ್ಲಿ. ಕಂಪ್ರೆಸರಿನ ಪುಲ್ಲಿ ಎಸಿ ಇರಲಿ ಬಿಡಲಿ ಬೆಲ್ಟಿನ ಜೊತೆ ತಿರುಗುತ್ತಲೇ ಇರುತ್ತದೆ. ನೋಡಬೇಕಾದ್ದು ಪುಲ್ಲಿಯನ್ನಲ್ಲ, ಅದರ ಮುಂದಿರುವ ಕ್ಲಚ್ ಪ್ಲೇಟನ್ನು. ಎಸಿ ಹಾಕಿದಾಗ "ಟಕ್" ಅಂತ ಅಂಟಿಕೊಂಡು ಅದೂ ತಿರುಗಬೇಕು. ಅದು ಸುಮ್ಮನೆ ನಿಂತಿದ್ದರೆ ಪ್ರಶ್ನೆ ಒಂದು, ತಿರುಗಿದರೂ ಗಾಳಿ ಬಿಸಿಯಾಗೇ ಬರುತ್ತಿದ್ದರೆ ಪ್ರಶ್ನೆ ಬೇರೆ. ಇವೆರಡನ್ನು ಕಲಸಿಕೊಂಡರೆ ಕೆಲಸ ಕೆಟ್ಟಿತು.

ಪ್ಲೇಟ್ ಅಂಟುತ್ತಿಲ್ಲ ಅಂತಿಟ್ಟುಕೊಳ್ಳಿ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಒತ್ತಡ ಅಳೆಯುವ ಗೇಜ್ ಹಚ್ಚಿ. ನಿಂತ ಗಾಡಿಯಲ್ಲಿ ಎರಡೂ ಕಡೆ, ಅಂದರೆ ಕಂಪ್ರೆಸರಿಗೆ ಗ್ಯಾಸ್ ಬರುವ ಲೋ ಸೈಡಿನಲ್ಲೂ ಅದು ಒತ್ತಿ ಕಳಿಸುವ ಹೈ ಸೈಡಿನಲ್ಲೂ, ಒಂದೇ ಒತ್ತಡ ಇರಬೇಕು, ಆ ಒತ್ತಡ ಹವೆಯ ಬಿಸಿಯನ್ನು ಅವಲಂಬಿಸಿರುತ್ತದೆ. ಈಗಿನ ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಗ್ಯಾಸಿಗೆ 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್ಐ, 35ರಲ್ಲಿ 114, ನಮ್ಮೂರಿನ 40ರಲ್ಲಿ 133ರ ಆಸುಪಾಸು. ಇಷ್ಟಿದ್ದರೆ ಒಳಗೆ ದ್ರವ ಗ್ಯಾಸ್ ಸ್ವಲ್ಪವಾದರೂ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ಪೂರಾ ಇದೆಯೋ ಇಲ್ಲವೋ ಇದರಿಂದ ಹೇಳಲು ಬರುವುದಿಲ್ಲ. ಮುಳ್ಳು 20ಕ್ಕೆ ಬಿದ್ದಿದ್ದರೆ ಕಂಪ್ರೆಸರನ್ನು ಬೈಯಬೇಡಿ. ಪ್ರೆಷರ್ ಸ್ವಿಚ್ಚೇ ಕ್ಲಚ್ಚಿಗೆ ಕರೆಂಟ್ ತಡೆದು ಅದನ್ನು ಕಾಪಾಡಿದೆ. ಎಲ್ಲೋ ಸೋರುತ್ತಿದೆ, ಅದನ್ನು ಹುಡುಕಿ. ಕ್ಲಚ್ಚಿನ ಮುಂಭಾಗದಲ್ಲಿ ಎಣ್ಣೆ ಮತ್ತು ಧೂಳು ಕಲೆತ ಕಪ್ಪು ಪಟ್ಟೆ, ಅದರ ನೇರಕ್ಕೆ ಬಾನೆಟ್ ಒಳಮೈಗೆ ಸಿಡಿದ ಎಣ್ಣೆ ಕಂಡರೆ ಶಾಫ್ಟ್ ಸೀಲ್ ಹೋಗಿದೆ ಅಂತಲೇ.

ಒತ್ತಡ ಸರಿ ಇದ್ದೂ ಕ್ಲಚ್ ಅಂಟದಿದ್ದರೆ ಆಮೇಲೆ ಕರೆಂಟಿನ ದಾರಿ. ಫ್ಯೂಸ್ ನೋಡಿ. ಹಾರ್ನ್ ರಿಲೇ ಅದೇ ನಮೂನೆಯದಿದ್ದರೆ ಅದಲು ಬದಲು ಮಾಡಿ ನೋಡಿ; ಮೇಷ್ಟ್ರ ಕಾರಿಗೆ ಅಷ್ಟು ಮಾಡಿದ್ದರೆ ಸಾಕಿತ್ತು. ಕ್ಲಚ್ಚಿನ ಕನೆಕ್ಟರ್ ಕಳಚಿ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ದೀಪ ಚೆನ್ನಾಗಿ ಉರಿದರೆ ತಪ್ಪು ಕ್ಲಚ್ಚಿನದು, ಉರಿಯದಿದ್ದರೆ ವೈರಿಂಗು, ಸ್ವಿಚ್ಚು, ಕೂಲಿಂಗ್ ಕಾಯಿಲ್ ಮೇಲಿನ ಸೆನ್ಸರ್ ಇವುಗಳಲ್ಲಿ ಯಾವುದಾದರೊಂದರದು. ಪ್ಲೇಟನ್ನು ಅಯಸ್ಕಾಂತದ ಹಾಗೆ ಎಳೆಯುವ ಕ್ಲಚ್ ಕಾಯಿಲಿಗೆ ಮಲ್ಟಿಮೀಟರ್ ಇಟ್ಟರೆ ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟು ಕಡಿದಿದೆ. ಮೂರು ವೈರಿನ ಪ್ರೆಷರ್ ಸೆನ್ಸರನ್ನು ಮಾತ್ರ ಹಳೇ ಕಾಲದ ಸ್ವಿಚ್ಚಿನ ಹಾಗೆ ವೈರ್ ತುಂಡಿನಿಂದ ಶಾರ್ಟ್ ಮಾಡಬೇಡಿ, ದುಬಾರಿ ಬೋರ್ಡು ಸುಡುತ್ತೀರಿ.

ಇಲ್ಲೊಂದು ಮೋಸದ ರೋಗವಿದೆ. ಒಬ್ಬ ಡಾಕ್ಟರು ಬಂದಿದ್ದರು. "ಮುಂಜಾನೆ ಬರೋಬ್ಬರಿ ತಂಪದ. ಮಾನ್ವಿ ಮುಟ್ಟೋದ್ರೊಳಗ ಬಂದ್ ಆಗ್ತದ. ಅರ್ಧಾ ತಾಸು ನಿಲ್ಲಿಸಿದ್ರ ಮತ್ತ ಚಾಲೂ." ಬೇರೆ ಕಡೆ ಕಂಪ್ರೆಸರ್ ಬದಲಿಸಬೇಕು ಅಂದಿದ್ದರಂತೆ. ಕ್ಲಚ್ ಪ್ಲೇಟ್ ಸವೆದಂತೆ ಅದಕ್ಕೂ ಪುಲ್ಲಿಗೂ ನಡುವಿನ ಸಂದು ದೊಡ್ಡದಾಗುತ್ತದೆ. ಕಾಯಿಲ್ ಕಾದಾಗ ಅದರ ಎಳೆಯುವ ಬಲ ಕಡಿಮೆಯಾಗುತ್ತದೆ. ತಣ್ಣಗಿದ್ದಾಗ ಎಳೆದುಕೊಳ್ಳುವ ಪ್ಲೇಟು ಬಿಸಿಯಲ್ಲಿ ಸೋಲುತ್ತದೆ. ಫೀಲರ್ ಗೇಜ್ ತೂರಿಸಿದರೆ ಸಂದು ಒಂದು ಮಿಲಿಮೀಟರಿನ ಹತ್ತಿರ ಇತ್ತು. ಇರಬೇಕಾದ್ದು ಸಾಧಾರಣವಾಗಿ 0.3ರಿಂದ 0.6. ನಡುವಿನ ನಟ್ ಬಿಚ್ಚಿ, ಪ್ಲೇಟ್ ಎಳೆದು, ಶಾಫ್ಟಿನ ಮೇಲಿದ್ದ ಉಂಗುರದಂಥ ತೆಳ್ಳನೆಯ ಶಿಮ್ ಒಂದನ್ನು ತೆಗೆದೆ. ಗ್ಯಾಸ್ ಮುಟ್ಟಲೇ ಇಲ್ಲ. ಡಾಕ್ಟರು ಆ ಶಿಮ್ಮನ್ನು ಅಂಗೈ ಮೇಲಿಟ್ಟುಕೊಂಡು, "ಇಷ್ಟಾ?" ಅಂದರು.

ಇನ್ನು ಕ್ಲಚ್ ಅಂಟುತ್ತದೆ, ತಂಪಿಲ್ಲ ಅನ್ನುವ ಕೇಸು. ಇಲ್ಲಿ ಗೇಜಿನ ಎರಡು ಮುಳ್ಳುಗಳನ್ನು ಜೋಡಿಯಾಗಿ ಓದಬೇಕು. 35 ಡಿಗ್ರಿ ಹವೆಯಲ್ಲಿ, ಎಂಜಿನ್ 1,500 ಆರ್‌ಪಿಎಂ ಇಟ್ಟಾಗ, ಲೋ ಸೈಡ್ 35–45, ಹೈ ಸೈಡ್ 200–250 ಇದ್ದರೆ ನೆಮ್ಮದಿ. ಎರಡೂ ಕಡಿಮೆ ಅಂದರೆ ಗ್ಯಾಸ್ ಕಡಿಮೆ. ಎರಡೂ ಮೇಲೆ ಅಂದರೆ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಉಸಿರಾಡುತ್ತಿಲ್ಲ, ಇಲ್ಲವೇ ಯಾರೋ ಗ್ಯಾಸ್ ಅತಿಯಾಗಿ ತುರುಕಿದ್ದಾರೆ. ಹೈವೇಯಲ್ಲಿ ತಂಪು, ಸಿಗ್ನಲ್ಲಿನಲ್ಲಿ ಬಿಸಿ ಅನ್ನುವವರ ಫ್ಯಾನನ್ನು ಮೊದಲು ನೋಡಿ. ನಮ್ಮಲ್ಲಿ ಹತ್ತಿ ಮಾರ್ಕೆಟ್ಟಿಗೆ ಓಡಾಡುವ ಗಾಡಿಗಳ ಕಂಡೆನ್ಸರ್ ಮೇಲೆ ಹತ್ತಿಯ ಅರಳೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ನೀರು ಬಿಟ್ಟು ತೊಳೆದರೆ ಹೈ ಸೈಡ್ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ಲೋ ಸೈಡ್ ಸೊನ್ನೆಯ ಕೆಳಗೆ ಹೋದರೆ ಕೂಲಿಂಗ್ ಕಾಯಿಲಿಗೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಂಡಿದೆ.

ಕಂಪ್ರೆಸರ್ ನಿಜಕ್ಕೂ ಸತ್ತಿದ್ದರೆ ಗೇಜೇ ಹೇಳುತ್ತದೆ: ಕ್ಲಚ್ ತಿರುಗುತ್ತಿದೆ, ಗ್ಯಾಸ್ ಇದೆ, ಆದರೂ ಲೋ ಸೈಡ್ 80–90ರಿಂದ ಇಳಿಯುವುದಿಲ್ಲ, ಹೈ ಸೈಡ್ 120–130ರಿಂದ ಏಳುವುದಿಲ್ಲ, ರೇಸ್ ಕೊಟ್ಟರೂ ಎರಡೂ ಅಲ್ಲೇ. ಒಳಗಿನ ರೀಡ್ ವಾಲ್ವ್ ಮುರಿದಿದೆ ಅಥವಾ ಪಿಸ್ಟನ್ ಸವೆದಿದೆ. ಇನ್ನೊಂದು ಪರೀಕ್ಷೆ ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆ: ಕ್ಲಚ್ ಪ್ಲೇಟನ್ನು ಕೈಯಲ್ಲಿ ತಿರುವಿ. ಸ್ವಲ್ಪ ಬಿಗಿಯಾಗಿ, ನುಣ್ಣಗೆ ತಿರುಗಬೇಕು. ಕದಲದಿದ್ದರೆ ಜಾಮ್. ಗರಗರ ಅಂದರೆ ಒಳಗೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿದೆ. ಸದ್ದಿನ ಲೆಕ್ಕವೂ ಹಾಗೆಯೇ. ಎಸಿ ಆಫ್ ಇದ್ದಾಗಲೂ ಗೊರಗೊರ ಅಂದರೆ ಪುಲ್ಲಿ ಬೇರಿಂಗು, ಅದೊಂದನ್ನೇ ಬದಲಿಸಬಹುದು. ಎಸಿ ಹಾಕಿದಾಗ ಮಾತ್ರ ಬಡಿದರೆ ಒಳಗಿನ ರೋಗ.

ಕ್ಲಚ್ಚೇ ಇಲ್ಲದ ಕಂಪ್ರೆಸರುಗಳೂ ಬರುತ್ತಿವೆ. ಅವುಗಳಲ್ಲಿ "ಟಕ್" ಸದ್ದಿಗೆ ಕಾಯುತ್ತ ನಿಲ್ಲಬೇಡಿ; ಶಾಫ್ಟ್ ಸದಾ ತಿರುಗುತ್ತಿರುತ್ತದೆ, ತಂಪು ಎಷ್ಟು ಬೇಕೆಂಬುದನ್ನು ಹಿಂದಿರುವ ಕಂಟ್ರೋಲ್ ವಾಲ್ವ್ ನಿರ್ಧರಿಸುತ್ತದೆ. ಬಹಳ ಸಲ ಆ ವಾಲ್ವ್ ಒಂದೇ ಕೆಟ್ಟಿರುತ್ತದೆ. ಹೈಬ್ರಿಡ್ ಗಾಡಿಯಲ್ಲಿ ಕಂಪ್ರೆಸರಿಗೆ ಕಿತ್ತಳೆ ಬಣ್ಣದ ದಪ್ಪ ವೈರ್ ಹೋಗಿದ್ದರೆ ಕೈ ಹಿಂದಕ್ಕೆ ತೆಗೆಯಿರಿ, ಅದು ಹೈ ವೋಲ್ಟೇಜ್.

ಸರಿ, ಸತ್ತಿದೆ ಅಂತ ಖಾತ್ರಿಯಾಯಿತು. ಕೊಂದವರು ಯಾರು?

ಮಂತ್ರಾಲಯಕ್ಕೆ ಬಾಡಿಗೆ ಹೊಡೆಯುವ ಒಬ್ಬ ಹುಡುಗನ ಡೀಸೆಲ್ ಟ್ಯಾಕ್ಸಿ. ಒಂದೇ ಬೇಸಿಗೆಯಲ್ಲಿ ಬೇರೆಡೆ ಎರಡು ಕಂಪ್ರೆಸರ್ ಹಾಕಿಸಿ ಎರಡನ್ನೂ ಕಳೆದುಕೊಂಡಿದ್ದ. ನನ್ನ ಹತ್ತಿರ ಬಂದಾಗ ಅವನ ಮುಖದಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಅಣ್ಣಾ, ಹಣೇಬಾರ ಸುಮಾರದ" ಅಂದ. ಮಷೀನಿನಿಂದ ಗ್ಯಾಸ್ ಎಳೆದುಕೊಂಡು, ಹೈ ಸೈಡ್ ಪೈಪ್ ಬಿಚ್ಚಿ, ಬಾಯಿಗೆ ಬಿಳಿ ಧೋತರದ ತುಂಡು ಹಿಡಿದೆ. ಒಳ್ಳೆ ಕಂಪ್ರೆಸರಿನ ಎಣ್ಣೆ ತಿಳಿಯಾಗಿ, ಹೆಚ್ಚೆಂದರೆ ತೆಳು ಜೇನಿನ ಬಣ್ಣದಲ್ಲಿರುತ್ತದೆ. ಇಲ್ಲಿ ಬಟ್ಟೆಗೆ ಹತ್ತಿದ್ದು ಕಾಡಿಗೆ. ಬಿಸಿಲಿಗೆ ಹಿಡಿದು ಅತ್ತಿತ್ತ ಹೊರಳಿಸಿದರೆ ಆ ಕಾಡಿಗೆಯಲ್ಲಿ ಜಾತ್ರೆಯ ಮಿಂಚಿನ ಪುಡಿಯ ಹಾಗೆ ಬೆಳ್ಳಿ ಚುಕ್ಕಿ. ಬೆರಳಲ್ಲಿ ತಿಕ್ಕಿದರೆ ಸಣ್ಣ ಮರಳು. ಮೊದಲ ಕಂಪ್ರೆಸರ್ ಸಾಯುವಾಗ ಉದುರಿಸಿದ ಅಲ್ಯೂಮಿನಿಯಂ ಪುಡಿ ಕಂಡೆನ್ಸರಿನಲ್ಲಿ ಕೂತು, ಎರಡನೆಯದನ್ನು ತಿಂದು, ಮೂರನೆಯದನ್ನೂ ತಿಂದಿತ್ತು.

ಈಗಿನ ಕಂಡೆನ್ಸರಿನ ದಾರಿಗಳು ಕೂದಲೆಳೆಯಷ್ಟು ಸಣ್ಣ. ಎಷ್ಟು ತೊಳೆದರೂ ಪುಡಿ ಪೂರ್ತಿ ಬರುವುದಿಲ್ಲ. ಆದ್ದರಿಂದ ಎಣ್ಣೆ ಹೀಗೆ ಕಂಡರೆ ಕಂಡೆನ್ಸರ್, ತೇವ ಹೀರುವ ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ ಮೂರೂ ಹೊಸದು ಹಾಕಬೇಕು, ಪೈಪುಗಳನ್ನು ಮತ್ತು ಕೂಲಿಂಗ್ ಕಾಯಿಲನ್ನು ಎಸಿಗೆಂದೇ ಬರುವ ಫ್ಲಶ್‌ನಿಂದ ತೊಳೆಯಬೇಕು. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ತೊಳೆಯುವವರನ್ನು ನೋಡಿದ್ದೇನೆ. ಬೇಡ. ಗಿರಾಕಿಗೆ ಇಷ್ಟು ಖರ್ಚು ಹೇಳುವುದು ಕಷ್ಟ. ಆದರೆ ಕಂಪ್ರೆಸರ್ ಒಂದನ್ನೇ ಹಾಕಿ ಅಂದವರ ಗಾಡಿಯನ್ನು ನಾನು ಒಳಗೆ ತೆಗೆದುಕೊಳ್ಳುವುದಿಲ್ಲ.

ಬದಲಿಸುವ ಕೆಲಸಕ್ಕೆ ಬರೋಣ. ಗ್ಯಾಸನ್ನು ಹೊರಗೆ ಬಿಡಬೇಡಿ, ರಿಕವರಿ ಮಷೀನಿಗೆ ಎಳೆಯಿರಿ. ಭೂಮಿ ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಜೋರು. ಮೈಗೂ ಒಳ್ಳೆಯದಲ್ಲ: ಬಯಲಲ್ಲಿ ಅದು ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ, ಕಣ್ಣಿಗೆ ಹಾರಿದರೆ ಕಣ್ಣು ಹೋದೀತು. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಮಷೀನ್ ಇಲ್ಲದವರು ಮೇಲಿನ ಕರೆಂಟಿನ ಪರೀಕ್ಷೆಗಳವರೆಗೆ ಮನೆಯಲ್ಲೇ ಮಾಡಿ, ಮುಂದಿನದನ್ನು ಶೆಡ್ಡಿಗೆ ಬಿಡುವುದು ವಾಸಿ.

ಬ್ಯಾಟರಿ ಮೈನಸ್ ಕಳಚಿ, ಬೆಲ್ಟ್ ಇಳಿಸಿ, ಎರಡು ಪೈಪ್ ಬಿಚ್ಚಿದ ಕೂಡಲೇ ಬಾಯಿಗಳನ್ನು ಮುಚ್ಚಿ. ಒಳಗಿನ ಪಿಎಜಿ ಎಣ್ಣೆ ಹವೆಯ ತೇವವನ್ನು ಸ್ಪಂಜಿನ ಹಾಗೆ ಹೀರುತ್ತದೆ. ಹೊಸ ಕಂಪ್ರೆಸರನ್ನು ಹಳೆಯದರ ಪಕ್ಕದಲ್ಲಿಟ್ಟು ಪುಲ್ಲಿಯ ಗೆರೆ ಎಣಿಸಿ, ಬೋಲ್ಟ್ ಕಿವಿ, ಕನೆಕ್ಟರ್ ಹೋಲಿಸಿ. ಡಬ್ಬದ ಮೇಲಿನ ಹೆಸರು ನಂಬಬೇಡಿ, ಒಳಗಿನ ವಸ್ತು ನೋಡಿ.

ಎಣ್ಣೆಯ ಲೆಕ್ಕದಲ್ಲೇ ಹೆಚ್ಚಿನವರು ಎಡವುತ್ತಾರೆ. ಹೊಸ ಕಂಪ್ರೆಸರ್ ಸಾಮಾನ್ಯವಾಗಿ ಇಡೀ ಎಸಿಗೆ ಬೇಕಾಗುವಷ್ಟು ಎಣ್ಣೆ ತುಂಬಿಕೊಂಡೇ ಬರುತ್ತದೆ. ಹಳೆಯ ಎಣ್ಣೆ ಪೈಪುಗಳಲ್ಲಿ ಇರುವಾಗಲೇ ಅದನ್ನೂ ಪೂರ್ತಿ ಬಿಟ್ಟರೆ ಎಣ್ಣೆ ಜಾಸ್ತಿಯಾಗಿ ತಂಪು ಕಡಿಮೆಯಾಗುತ್ತದೆ. ಹಳೆಯದನ್ನು ಅಳತೆ ಲೋಟಕ್ಕೆ ಬಸಿಯಿರಿ. 50 ಎಂಎಲ್ ಬಂತೇ? ಹೊಸದರಲ್ಲೂ ಅಷ್ಟೇ ಉಳಿಸಿ, ಡ್ರೈಯರ್ ಹೊಸದಾದರೆ 10 ಎಂಎಲ್ ಸೇರಿಸಿ. ಇಡೀ ಸಿಸ್ಟಂ ತೊಳೆದು ಕಂಡೆನ್ಸರೂ ಹೊಸದಾಗಿದ್ದರೆ ಕಂಪನಿ ಹೇಳಿದ ಪೂರ್ತಿ ಅಳತೆ ಬೇಕು. ಪಿಎಜಿ 46, 100 ಅಂತ ಬೇರೆ ಬೇರೆ ದಪ್ಪದ ಎಣ್ಣೆಗಳಿವೆ, ಕಂಪ್ರೆಸರಿನ ಚೀಟಿಯ ಮೇಲೆ ಬರೆದದ್ದನ್ನೇ ಹಾಕಿ.

ಜಾಯಿಂಟಿನ ರಬ್ಬರ್ ಓ-ರಿಂಗ್ ಎಲ್ಲ ಹೊಸದು, ಅದೇ ಎಣ್ಣೆಯಲ್ಲಿ ಅದ್ದಿ ಕೂರಿಸಿ. ಪೈಪಿನ ಬೋಲ್ಟ್ ಅಲ್ಯೂಮಿನಿಯಂಗೆ ಹೋಗುತ್ತದೆ, ಭೀಮಬಲ ತೋರಿಸಿದರೆ ಮರೆ (ತಿರುಪಿನ ಸುತ್ತು) ಹರಿಯುತ್ತದೆ. ಡ್ರೈಯರಿನ ಮುಚ್ಚಳ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಬೆಲ್ಟ್ ಹಾಕುವ ಮುಂಚೆ ಕ್ಲಚ್ ಪ್ಲೇಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಸಿಲಿಂಡರಿನಲ್ಲಿ ನಿಂತ ಎಣ್ಣೆ ಸರಿಯುತ್ತದೆ. ಇದನ್ನು ಬಿಟ್ಟು ಸ್ಟಾರ್ಟ್ ಮಾಡಿದರೆ ಎಣ್ಣೆ ಒತ್ತಿಹೋಗದೆ ಹೊಸ ವಾಲ್ವೇ ಮುರಿದೀತು.

ನೈಟ್ರೋಜನ್ 150 ಪಿಎಸ್ಐ ತುಂಬಿ ಸೋಪಿನ ನೊರೆ ಹಚ್ಚಿ ನೋಡಿ. ಪಂಕ್ಚರ್ ಅಂಗಡಿಯ ಗಾಳಿ ಬೇಡ, ಆಕ್ಸಿಜನ್ ಅಂತೂ ಕೂಡದೇ ಕೂಡದು, ಸಿಡಿಯುತ್ತದೆ. ಆಮೇಲೆ ಮುಕ್ಕಾಲು ತಾಸು ವ್ಯಾಕ್ಯೂಮ್, ಅಂದರೆ ಪಂಪ್ ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆಯುವುದು. ಮುಳ್ಳು ಪಾದರಸದ 30 ಇಂಚಿಗೆ ಬರಲೇಬೇಕು ಅಂತ ಪುಸ್ತಕ ಹಿಡಿದು ಪಂಪನ್ನು ಬೈಯುವವರಿದ್ದಾರೆ. ಅದು ಸಮುದ್ರ ಮಟ್ಟದ ಮಾತು. ಮಂಗಳೂರಲ್ಲಿ 30ರ ಹತ್ತಿರ ಬರುತ್ತದೆ, ನಮ್ಮ ರಾಯಚೂರಲ್ಲಿ ಇಪ್ಪತ್ತೆಂಟೂವರೆ, ಬೆಂಗಳೂರಲ್ಲಿ 27, ಮಡಿಕೇರಿಯಲ್ಲಿ 26ರ ಸುತ್ತ. ಊರು ಎತ್ತರವಾದಷ್ಟು ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಪಂಪ್ ಏನು ಮಾಡೀತು? ಪಂಪ್ ನಿಲ್ಲಿಸಿ ಅರ್ಧ ತಾಸು ಬಿಟ್ಟಾಗ ಮುಳ್ಳು ಕದಲಬಾರದು, ಅಷ್ಟೇ ಮುಖ್ಯ.

ಗ್ಯಾಸನ್ನು ತೂಕ ಮಾಡಿ ತುಂಬಿ. ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿದೆ. ಸಣ್ಣ ಕಾರುಗಳಿಗೆ ಅರ್ಧ ಕೆಜಿಯೂ ಬೇಡ, ಅದಕ್ಕೇ ಐವತ್ತು ಗ್ರಾಂ ಹೆಚ್ಚುಕಮ್ಮಿ ಆದರೂ ಗೊತ್ತಾಗುತ್ತದೆ. ಅಗ್ಗಕ್ಕೆ ಸಿಗುತ್ತದೆ ಅಂತ ಅಡುಗೆ ಗ್ಯಾಸಿನ ಜಾತಿಯದನ್ನು ತುಂಬುವವರಿದ್ದಾರೆ, ಅಂಥವರ ಹತ್ತಿರ ಗಾಡಿ ನಿಲ್ಲಿಸಬೇಡಿ. ಎಂಜಿನ್ ಓಡುತ್ತಿರುವಾಗ ಡಬ್ಬಿ ನೆಟ್ಟಗಿರಲಿ, ಲೋ ಸೈಡಿನಿಂದ ಮಾತ್ರ. ಹೈ ಸೈಡ್ ವಾಲ್ವ್ ತೆರೆದರೆ ಡಬ್ಬಿಯೇ ಬಾಂಬು.

ಮೊದಲ ಐದು ನಿಮಿಷ ರೇಸ್ ಕೊಡದೆ ಹಾಗೇ ಬಿಡಿ. ಆಮೇಲೆ ನಡುವಿನ ಜಾಲರಿಗೆ ಥರ್ಮಾಮೀಟರ್ ಸಿಕ್ಕಿಸಿ. ಆ ಹುಡುಗನ ಟ್ಯಾಕ್ಸಿಯಲ್ಲಿ ಹೊರಗೆ 41 ಇದ್ದಾಗ ಒಳಗೆ 9ಕ್ಕೆ ಇಳಿಯಿತು. ಅವನು ಸೀಟಿನಲ್ಲಿ ಕೂತು ಗಾಜು ಏರಿಸಿಕೊಂಡ, ಹತ್ತು ನಿಮಿಷ ಬಾಗಿಲು ತೆಗೆಯಲೇ ಇಲ್ಲ. ವಾರ ಬಿಟ್ಟು ಬಾ, ಬೆಲ್ಟ್ ಬಿಗಿ ನೋಡಿ, ಜಾಯಿಂಟಿಗೆಲ್ಲ ನೊರೆ ಹಚ್ಚೋಣ ಅಂತ ಗಾಜಿನ ಹೊರಗಿನಿಂದಲೇ ಕೂಗಿ ಹೇಳಬೇಕಾಯಿತು.