ಲಾಬಿ ಬಿಡಿ, ಬಚ್ಚಲು ನೋಡಿ

ಮನೆಯ ಹಿರಿಯರಿಗೆ ಆರೈಕೆ ಸಿಗುವ ವಸತಿ ಸಂಸ್ಥೆ ಹುಡುಕುವವರು ಮಾಡುವ ತಪ್ಪು ಹೆಚ್ಚುಕಮ್ಮಿ ಒಂದೇ. ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಹೋಗುತ್ತಾರೆ. ಮಾರ್ಕೆಟಿಂಗ್‌ನವರು ಲಾಬಿ, ಹೂದೋಟ, ಲೈಬ್ರರಿ ತೋರಿಸುತ್ತಾರೆ. ಮನೆಗೆ ವಾಪಸ್ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ನಮ್ಮ ಸೋದರತ್ತೆಗೆ ಜಾಗ ಹುಡುಕುವಾಗ ನಾವೂ ಹೀಗೇ ಮಾಡಿದೆವು. ಏಳು ತಿಂಗಳಿಗೆ ಅವರನ್ನು ಬೇರೆ ಕಡೆ ಸಾಗಿಸಬೇಕಾಯಿತು. ಅಷ್ಟು ದಿನದಲ್ಲಿ ಅತ್ತೆ ಲೈಬ್ರರಿಗೆ ಹೋಗಿದ್ದು ಒಂದೇ ಸಲ. ಬಚ್ಚಲಿಗೆ ದಿನಕ್ಕೆ ಎಂಟು ಸಲ.

1. ಮೊದಲು ನಿಮ್ಮವರನ್ನು ನೋಡಿ

ಒಂದು ಹಾಳೆಯಲ್ಲಿ ಆರು ಕೆಲಸ ಬರೆದುಕೊಳ್ಳಿ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಮಂಚದಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಸಿಡ್ನಿ ಕಾಟ್ಜ್ ಎಂಬ ವೈದ್ಯರು 1963ರಲ್ಲಿ ಕೊಟ್ಟ ಪಟ್ಟಿ ಇದು, ಇವತ್ತಿಗೂ ಬಳಕೆಯಲ್ಲಿದೆ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಸ್ನಾನ, ಕೊನೆಗೆ ಊಟ. ಹಾಗಾಗಿ ‘ತಾವೇ ಊಟ ಮಾಡ್ತಾರಲ್ಲ, ಚೆನ್ನಾಗೇ ಇದ್ದಾರೆ’ ಅನ್ನುವ ಲೆಕ್ಕ ನಡೆಯುವುದಿಲ್ಲ.

ಅವರನ್ನೇ ಕೇಳಿ ಟಿಕ್ ಹಾಕಬೇಡಿ. ‘ಎಲ್ಲಾ ನಾನೇ ಮಾಡ್ಕೋತೀನಿ’ ಅಂತಲೇ ಹೇಳುತ್ತಾರೆ. ಒಂದು ವಾರ ಜೊತೆಗಿದ್ದು ಕಣ್ಣಾರೆ ನೋಡಿ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರಾ, ಬಿಲ್ ಕಟ್ಟುತ್ತಾರಾ, ಫೋನ್ ಮಾಡುತ್ತಾರಾ, ಅದನ್ನೂ ಗಮನಿಸಿ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಎಂದು ಅರ್ಥ. ವೈದ್ಯರಿಗೆ ತೋರಿಸಿ.

‘ನಿಮಗೆ ಯಾವ ವಸತಿ ಸರಿ’ ಅಂತ ಆನ್‌ಲೈನ್‌ನಲ್ಲಿ ಪ್ರಶ್ನಾವಳಿಗಳು ಸಿಗುತ್ತವೆ. ಫೋನ್ ನಂಬರ್ ಕೇಳಿದ ಕೂಡಲೇ ಮುಚ್ಚಿಬಿಡಿ. ಉತ್ತರ ಬರುವುದಿಲ್ಲ, ಏಜೆಂಟರ ಕರೆ ಬರುತ್ತದೆ.

2. ಬಗೆ ಗೊತ್ತುಮಾಡಿಕೊಳ್ಳಿ

ಆರೂ ಕೆಲಸ ತಾವೇ ಮಾಡಿಕೊಂಡರೆ ಸ್ವತಂತ್ರ ವಸತಿ ಸಾಕು. ಒಂದೆರಡಕ್ಕೆ ಕೈ ಬೇಕಿದ್ದರೆ ಅಸಿಸ್ಟೆಡ್ ಲಿವಿಂಗ್, ಅಂದರೆ ದಿನದ ಕೆಲಸಗಳಿಗೆ ನೆರವು ಸಿಗುವ ವಸತಿ. ಹಾಸಿಗೆ ಹಿಡಿದಿದ್ದರೆ, ಊಟಕ್ಕೋ ಮೂತ್ರಕ್ಕೋ ಟ್ಯೂಬ್ ಹಾಕಿದ್ದರೆ, ಹಗಲೂ ರಾತ್ರಿ ನರ್ಸ್ ಇರುವ ಜಾಗವೇ ಬೇಕು. ಮರೆವಿನ ಕಾಯಿಲೆ ಇದ್ದರೆ ಅದಕ್ಕೆಂದೇ ಇರುವ ವಿಭಾಗ ಹುಡುಕಿ. ಮನೆಯಲ್ಲೇ ಆಯಾ ಇಟ್ಟುಕೊಂಡು, ಹಗಲು ಮಾತ್ರ ಹಿರಿಯರ ಡೇ ಕೇರ್‌ಗೆ ಕಳಿಸುವುದೂ ಒಂದು ದಾರಿ. ಇದನ್ನು ಯಾರೂ ಯೋಚಿಸುವುದೇ ಇಲ್ಲ.

3. ಜಾಗ ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಮೊದಲ ಸಲ ಹೇಳಿ ಹೋಗಿ. ಎರಡನೇ ಸಲ ಹೇಳದೆ ಹೋಗಿ, ರಾತ್ರಿ ಎಂಟರ ಸುಮಾರಿಗೆ. ಮಾರ್ಕೆಟಿಂಗ್‌ನವರು ಮನೆಗೆ ಹೋಗಿರುತ್ತಾರೆ, ಆಗ ನಿಜ ಕಾಣುತ್ತದೆ. ಆ ಹೊತ್ತಿಗೆ ಒಳಗೆ ಬಿಡಲ್ಲ ಅಂದರೆ ಕಾರಣ ಕೇಳಿ, ಆಮೇಲೆ ಭೇಟಿಯ ಸಮಯ ಎಷ್ಟು ಹೊತ್ತು ಅಂತ ಕೇಳಿ. ದಿನಕ್ಕೆ ಒಂದೇ ಗಂಟೆ ಅಂದರೆ ನಾನಂತೂ ಆ ಜಾಗ ಬಿಡುತ್ತೇನೆ.

ಒಳಗೆ ಹೋದವರು ಸೀದಾ ಬಚ್ಚಲಿಗೆ ನಡೆಯಿರಿ. ಶೋಗೆ ಇಟ್ಟ ಕೋಣೆಯದಲ್ಲ, ಜನ ವಾಸವಿರುವ ಕೋಣೆಯದು. ಅವರ ಒಪ್ಪಿಗೆ ಕೇಳಿ. ಬಾಗಿಲು ಹೊರಕ್ಕೆ ತೆರೆಯುತ್ತದಾ? ಒಳಕ್ಕೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರ ಮೈಯೇ ಅಡ್ಡವಾಗಿ ಹೊರಗಿನವರು ತಳ್ಳಲಾಗದೆ ನಿಲ್ಲುತ್ತಾರೆ. ಅಗಲ 90 ಸೆಂ.ಮೀ. ಇದ್ದರೆ ವೀಲ್‌ಚೇರ್ ಸಲೀಸಾಗಿ ಹೋಗುತ್ತದೆ, ಅಳತೆ ಟೇಪು ಜೇಬಲ್ಲಿರಲಿ. ಕಮೋಡ್ ಪಕ್ಕದ ಹಿಡಿಕೆಯನ್ನು ಕೈಯಿಂದ ಬಲವಾಗಿ ಎಳೆಯಿರಿ. ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದು ಅಲುಗಾಡುವುದಿಲ್ಲ. ಟವೆಲ್ ಹಾಕುವ ಸರಳನ್ನೇ ಹಿಡಿಕೆ ಅಂತ ತೋರಿಸಿದವರನ್ನೂ ನೋಡಿದ್ದೇನೆ. ಇನ್ನು ರಬ್ಬರ್ ಬಟ್ಟಲಿನಿಂದ ಗೋಡೆಗೆ ಅಂಟಿಸುವ ಹಿಡಿಕೆ ಬರುತ್ತದಲ್ಲ, ಅಂಥದ್ದು ಕಂಡರೆ ಆ ಸಂಸ್ಥೆಗೇ ಕೈಮುಗಿಯಿರಿ. ಬಟ್ಟಲೊಳಗೆ ಗಾಳಿ ಹೊಕ್ಕಾಗ ಅದು ಕೈಗೇ ಬರುತ್ತದೆ. ಮನೆಗೂ ಕೊಳ್ಳಬೇಡಿ.

ಬಚ್ಚಲಲ್ಲಿ ಕರೆಗಂಟೆ ಎಷ್ಟು ಎತ್ತರದಲ್ಲಿದೆ ನೋಡಿ. ನೆಲಕ್ಕೆ ಬಿದ್ದವರ ಕೈಗೆ ಸಿಗುವ ಹಾಗೆ ಸರಪಳಿಯೋ ಹಗ್ಗವೋ ಇರಬೇಕು. ಜೊತೆಗಿರುವವರಿಗೆ ಹೇಳಿ, ಗಂಟೆ ಒತ್ತಿ, ಗಡಿಯಾರ ನೋಡುತ್ತಾ ನಿಂತುಕೊಳ್ಳಿ. ಐದು ನಿಮಿಷವಾದರೂ ಯಾರೂ ಬರದಿದ್ದರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ.

ಮೂಗನ್ನೂ ಬಳಸಿ. ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಇದ್ದರೆ ಆಗಷ್ಟೇ ಏನೋ ಆಗಿರಬಹುದು. ಇಡೀ ಕಾರಿಡಾರ್ ನಾರುತ್ತಿದ್ದರೆ ಡೈಪರ್, ಹಾಸಿಗೆಬಟ್ಟೆ ಬದಲಾಯಿಸುವವರು ಸಾಲದು ಅಂತ ಅರ್ಥ. ಎಲ್ಲೆಲ್ಲೂ ಸೆಂಟಿನ ಘಾಟು ಹೊಡೆದರೆ ನನಗೆ ಇನ್ನೂ ಅನುಮಾನ.

ಆಮೇಲೆ ಕೇಳಬೇಕಾದ ಮುಖ್ಯ ಪ್ರಶ್ನೆ: ‘ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಈ ಮಹಡಿಯಲ್ಲಿ ಎಷ್ಟು ಜನ ಸಿಬ್ಬಂದಿ ಎದ್ದಿರುತ್ತಾರೆ?’ ‘24 ಗಂಟೆ ಸೇವೆ’ ಅನ್ನುವುದು ಉತ್ತರವಲ್ಲ. ಸಂಖ್ಯೆ ಬೇಕು. ಅದೇ ಪ್ರಶ್ನೆಯನ್ನು ಆಮೇಲೆ ಅಟೆಂಡರ್‌ಗೂ ಕೇಳಿ. ಎರಡು ಉತ್ತರ ತಾಳೆಯಾಗದಿದ್ದರೆ ಅಟೆಂಡರ್ ಹೇಳಿದ್ದನ್ನು ನಂಬಿ.

ಹಾಸಿಗೆ ಹಿಡಿದವರಿಗೆ ಹುಣ್ಣಾಗದ ಹಾಗೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಅದನ್ನು ಗುರುತು ಹಾಕಲು ಹಾಳೆ ಇಟ್ಟಿರುತ್ತಾರೆ. ಮಧ್ಯಾಹ್ನ ಮೂರಕ್ಕೆ ನಾನು ನೋಡಿದ ಒಂದು ಹಾಳೆಯಲ್ಲಿ ಸಂಜೆ ಆರರ ಟಿಕ್ಕೂ ಬಿದ್ದಿತ್ತು! ಮರೆವಿನವರ ವಿಭಾಗದಲ್ಲಿ ಹಗಲು ಹೊತ್ತು ಎಲ್ಲರೂ ತೂಕಡಿಸುತ್ತಿದ್ದರೆ ಯಾವ ಮಾತ್ರೆ ಕೊಡುತ್ತಾರೆ ಅಂತ ವಿಚಾರಿಸಿ. ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದ ಮರೆವಿನ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಸುಮ್ನೆ ಗದ್ದಲ ಮಾಡದಿರಲಿ ಅಂತ ಕೊಡುವ ಮಾತ್ರೆ ಅಲ್ಲ ಅವು.

4. ಕಾಗದ ಓದುವುದು

ಅಲ್ಲೇ ಕೂತು ಸಹಿ ಹಾಕಬೇಡಿ. ‘ಇವತ್ತೇ ಕಟ್ಟಿದರೆ ಡಿಸ್ಕೌಂಟ್’ ಅಂದರೆ ನಾಳೆಯೂ ಇರುತ್ತದೆ. ಕಾಂಟ್ರಾಕ್ಟನ್ನು ಮನೆಗೆ ತಂದು ನಾಲ್ಕು ವಿಷಯ ಹುಡುಕಿ. ಆರೋಗ್ಯ ಕೆಟ್ಟರೆ ಇಲ್ಲೇ ನೋಡಿಕೊಳ್ಳುತ್ತಾರಾ, ಇಲ್ಲ ‘ನಮ್ಮಲ್ಲಾಗಲ್ಲ, ಕರೆದುಕೊಂಡು ಹೋಗಿ’ ಅನ್ನುತ್ತಾರಾ? ಅತ್ತೆಗೆ ಆಗಿದ್ದು ಇದೇ, ಅದೂ ಒಂದು ವಾರದ ನೋಟಿಸ್ ಕೊಟ್ಟು. ಆಸ್ಪತ್ರೆ ಸೇರಿದ ದಿನಗಳಿಗೂ ಹಣ ಕಟ್ಟಬೇಕಾ? ವರ್ಷಕ್ಕೆ ಎಷ್ಟರವರೆಗೆ ಏರಿಸಬಹುದು? ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್? ಡೈಪರ್, ಫಿಸಿಯೋಥೆರಪಿ, ಆಸ್ಪತ್ರೆಗೆ ಜೊತೆ ಹೋಗುವವರ ಖರ್ಚು ಸಾಮಾನ್ಯವಾಗಿ ಬೇರೆ. ಬಾಯಲ್ಲಿ ಹೇಳಿದ್ದನ್ನೆಲ್ಲ ಬರೆಸಿಕೊಳ್ಳಿ.

5. ಇದ್ದು ನೋಡುವುದು

ಬಹಳ ಕಡೆ ಅಲ್ಪಾವಧಿಗೆ ಇಟ್ಟುಕೊಳ್ಳುತ್ತಾರೆ. ಒಂದೆರಡು ವಾರ ಬಿಡಿ. ಅವರದೇ ದಿಂಬು, ಹೊದಿಕೆ, ಗಡಿಯಾರ ಜೊತೆಗಿರಲಿ. ಬಂದಮೇಲೆ ‘ಹೇಗಿತ್ತು?’ ಅಂತ ಕೇಳಿದರೆ ‘ಪರವಾಗಿಲ್ಲ’ ಅಂತಾರೆ, ಅಷ್ಟೇ ಅಲ್ವಾ? ಬದಲಿಗೆ ಕೇಳಿ: ರಾತ್ರಿ ಎದ್ದಾಗ ಯಾರು ಬಂದರು? ಸ್ನಾನ ಮಾಡಿಸಿದ್ದು ಯಾರು? ನೀರು ಬಿಸಿ ಇತ್ತಾ?

ಎರಡನೇ ಜಾಗದಲ್ಲಿ ಹತ್ತು ದಿನ ಇದ್ದು ಬಂದ ಅತ್ತೆ ಹೇಳಿದ ಮೊದಲ ಮಾತು, ‘ರಾತ್ರಿ ಬರೋ ಹುಡುಗಿ ಗೊಣಗಲ್ಲ ಕಣೋ.’ ಅದೇ ವಾರ ಡಿಪಾಸಿಟ್ ಕಟ್ಟಿದೆವು.