ಮಂಡಕ್ಕಿಗೆ ಮಾತ್ರ ಹೊಟ್ಟೆಯಲ್ಲಿ ಜಾಗ ಇತ್ತು

ನನಗೆ ತೂಕ ಇಳಿಸುವ ಸರ್ಜರಿ ಆಗಿದ್ದು 2019ರಲ್ಲಿ. ಆಗ 118 ಕಿಲೋ ಇದ್ದೆ. ಎರಡು ವರ್ಷದೊಳಗೆ 72ಕ್ಕೆ ಇಳಿದೆ. 2024ರ ಹೊತ್ತಿಗೆ ಮತ್ತೆ 91. ಈಗ 79, 80ರ ನಡುವೆ ನಿಂತಿದೆ. ಮೊದಲ ಸಲ ಇಳಿದದ್ದರಲ್ಲಿ ನನ್ನ ಶ್ರಮ ಕಡಿಮೆ, ಸರ್ಜರಿಯದೇ ಜಾಸ್ತಿ. ಎರಡನೇ ಸಲ ಹಾಗಲ್ಲ. ಅದನ್ನು ಹೇಗೆ ಮಾಡಿದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರು ದಾವಣಗೆರೆ. ಬ್ಯಾಂಕಿನಲ್ಲಿ ಕೌಂಟರ್ ಕೆಲಸ. ನಾವು ಸಸ್ಯಾಹಾರಿಗಳು, ಮನೆಗೆ ಮೊಟ್ಟೆಯೂ ಬರೋದಿಲ್ಲ. ಈ ಮೂರೂ ನನ್ನ ತೂಕದ ಕಥೆಗೆ ಬೇಕಾದ ವಿಷಯಗಳೇ.

ನನಗೆ ಮಾಡಿದ್ದು ಸ್ಲೀವ್ ಸರ್ಜರಿ. ಜಠರದ ಮುಕ್ಕಾಲಿಗಿಂತ ಜಾಸ್ತಿ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವ ಕೊಳವೆಯಂಥ ಚಿಕ್ಕ ಜಠರಕ್ಕೆ ಸ್ಲೀವ್ ಅನ್ನುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಆ ತೆಗೆದ ಭಾಗದಲ್ಲೇ. ಹಾಗಾಗಿ ಮೊದಲ ವರ್ಷ ನನಗೆ ಹಸಿವು ಅಂದರೇನು ಅಂತಲೇ ಮರೆತುಹೋಗಿತ್ತು. ಎರಡು ತುತ್ತು ತಿಂದರೆ ಸಾಕು ಅನಿಸುತ್ತಿತ್ತು. ಆಮೇಲೆ ನಿಧಾನಕ್ಕೆ ಹಸಿವು ವಾಪಸ್ ಬಂತು. ದೇಹ ಚಿಕ್ಕದಾದ ಮೇಲೆ ಅದು ಸುಡುವ ಶಕ್ತಿಯೂ ಕಡಿಮೆಯಾಗಿರುತ್ತದೆ. 118 ಕಿಲೋ ಹೊತ್ತು ಮೆಟ್ಟಿಲು ಹತ್ತೋದಕ್ಕೂ 72 ಕಿಲೋ ಹೊತ್ತು ಹತ್ತೋದಕ್ಕೂ ಒಂದೇ ಊಟ ಸಾಕೇ?

ಸ್ವೀಡನ್‌ನಲ್ಲಿ ತೂಕ ಇಳಿಸುವ ಬೇರೆ ಬೇರೆ ಸರ್ಜರಿ ಆದವರನ್ನು 1987ರಿಂದ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ಇದೆ. ಅದರಲ್ಲಿ ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಚಿಕ್ಕದು ಮಾಡಿ ಮುಂದಿನ ಕರುಳಿಗೆ ಜೋಡಿಸುವ ಸರ್ಜರಿ) ಮಾಡಿಸಿಕೊಂಡವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ತೂಕ ಇಳಿಸಿದ್ದರು. ಹತ್ತು ವರ್ಷದ ಹೊತ್ತಿಗೆ ಅದು ಶೇ 25ಕ್ಕೆ ಬಂದಿತ್ತು. ಅಂದರೆ 100 ಕಿಲೋ ಇದ್ದವರು 68ಕ್ಕೆ ಇಳಿದು, ಆಮೇಲೆ 75ಕ್ಕೆ ಏರಿ ನಿಂತರು ಅಂದುಕೊಳ್ಳಿ. ಸ್ವಲ್ಪ ಮರಳಿ ಬರೋದು ಮಾಮೂಲು. ಇದನ್ನು ಸರ್ಜರಿಗೆ ಮುಂಚೆ ಯಾರೂ ನನಗೆ ಒತ್ತಿ ಹೇಳಿರಲಿಲ್ಲ. ಹೇಳಿದ್ದರೂ ಆ ಖುಷಿಯಲ್ಲಿ ಕಿವಿಗೆ ಬೀಳುತ್ತಿತ್ತೋ ಇಲ್ಲವೋ.

ಆದರೆ ನನಗೆ ಬಂದದ್ದು ಸ್ವಲ್ಪ ಅಲ್ಲ, 19 ಕಿಲೋ. ಜೊತೆಗೆ ಬಿಟ್ಟುಹೋಗಿದ್ದ ಮಂಡಿನೋವು ಬಂತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) ಮತ್ತೆ 6.3 ತೋರಿಸಿತು, ಅಂದರೆ ಮಧುಮೇಹದ ಹೊಸ್ತಿಲು. ಆಗ ಬೇರೆ ಡಾಕ್ಟರ ಹತ್ತಿರ ಹೋದೆ. ಅಲ್ಲಿನ ಡಯಟೀಷಿಯನ್ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಒಂದು ವಾರ ಬಾಯಿಗೆ ಹೋದ ಪ್ರತಿಯೊಂದನ್ನೂ, ಹೊತ್ತಿನ ಸಮೇತ ಬರೆದು ತನ್ನಿ ಅಂದರು. ಕಾಫಿಯನ್ನೂ.

ಬರೆದದ್ದನ್ನು ನೋಡಿದಾಗ ವಿಚಿತ್ರ ಅನಿಸಿತು. ನನ್ನ ಊಟ ನಿಜಕ್ಕೂ ಚಿಕ್ಕದೇ. ಮಧ್ಯಾಹ್ನ ಒಂದು ರೊಟ್ಟಿ, ಸ್ವಲ್ಪ ಪಲ್ಯ. ಒಂದು ಚಪಾತಿ ಜಾಸ್ತಿ ತಿಂದರೆ ಎದೆ ಹಿಡಿದಂತಾಗುತ್ತಿತ್ತು. ಆದರೆ ಸಂಜೆ ಆರರ ಮೇಲೆ ಬೇರೆಯೇ ಲೋಕ. ದಾವಣಗೆರೆಯಲ್ಲಿ ಸಂಜೆ ಅಂದರೆ ಮಂಡಕ್ಕಿ, ಮಿರ್ಚಿ. ಕೆಲವೊಮ್ಮೆ ನರ್ಗೀಸ್ ಮಂಡಕ್ಕಿ. ಒಂದು ರೊಟ್ಟಿಗೇ ತುಂಬಿಹೋಗುವ ಹೊಟ್ಟೆಗೆ ಒಂದು ಪ್ಲೇಟ್ ಮಂಡಕ್ಕಿ ಯಾವ ತಕರಾರೂ ಇಲ್ಲದೆ ಇಳಿಯುತ್ತಿತ್ತು. ಆಮೇಲೆ ಟಿವಿ ಮುಂದೆ ಕೋಡುಬಳೆ, ಖಾರ ಬೂಂದಿ.

ಇದಕ್ಕೆ ಕಾರಣ ಇದೆ. ಗರಿಗರಿ ತಿಂಡಿ ಬಾಯಲ್ಲೇ ಪುಡಿಯಾಗಿ, ಹೊಟ್ಟೆಯಲ್ಲಿ ಕರಗಿ, ನಿಲ್ಲದೆ ಜಾರಿ ಹೋಗುತ್ತದೆ. ಬಿಸ್ಕೆಟ್, ರಸ್ಕ್, ಚಿಪ್ಸ್, ಚಕ್ಕುಲಿ, ಐಸ್‌ಕ್ರೀಂ ಎಲ್ಲ ಇದೇ ಗುಂಪು. ಸ್ಲೀವ್ ಕೆಲಸ ಮಾಡೋದು ಗಟ್ಟಿ ಆಹಾರವನ್ನು ತಡೆದು ನಿಲ್ಲಿಸಿ, ಬೇಗ ಸಾಕು ಅನಿಸುವಂತೆ ಮಾಡಿ. ಜಾರುವ ಆಹಾರವನ್ನು ಅದು ತಡೆಯೋದಿಲ್ಲ. ಮಂಡಕ್ಕಿ, ಎಣ್ಣೆ, ಶೇಂಗಾ, ಪುಟಾಣಿ ಪುಡಿ ಎಲ್ಲ ಲೆಕ್ಕ ಹಾಕಿದರೆ ಒಂದು ಪ್ಲೇಟ್ 400 ಕ್ಯಾಲೊರಿ ಆರಾಮಾಗಿ ದಾಟುತ್ತಿತ್ತು. ಮಿರ್ಚಿ ಲೆಕ್ಕ ಬೇರೆ. ನನ್ನ ಮಧ್ಯಾಹ್ನದ ಊಟವೇ ಅಷ್ಟು ಇರಲಿಲ್ಲ!

ಎರಡನೆಯದು ಕಾಫಿ. ಬ್ಯಾಂಕಿನಲ್ಲಿ ದಿನಕ್ಕೆ ನಾಲ್ಕೈದು ಕಪ್. ಗಟ್ಟಿ ಹಾಲು, ಎರಡು ಚಮಚ ಸಕ್ಕರೆ. ಒಂದು ಕಪ್ಪಿಗೆ 80, 100 ಕ್ಯಾಲೊರಿ ಅಂತ ಹಿಡಿದರೂ ದಿನಕ್ಕೆ ಒಂದು ಊಟದಷ್ಟು ಆಯಿತು. ಮೂರನೆಯದು ರಾಗಿ ಅಂಬಲಿ. ರಾಗಿ ಒಳ್ಳೆಯದು ತಾನೇ ಅಂತ ಬೆಳಿಗ್ಗೆ ಒಂದು ದೊಡ್ಡ ಲೋಟ, ಸಂಜೆ ಒಂದು. ರಾಗಿ ಒಳ್ಳೆಯದೇ. ಆದರೆ ನೀರಾಗಿ ಕುಡಿದರೆ ಅದೂ ಸೀದಾ ಇಳಿದು, ಒಂದು ಗಂಟೆಯಲ್ಲಿ ಮತ್ತೆ ಹಸಿವು. ಅದೇ ಹಿಟ್ಟನ್ನು ಚಿಕ್ಕ ಮುದ್ದೆ ಮಾಡಿ ಉಂಡರೆ ಹೊಟ್ಟೆಯಲ್ಲಿ ನಿಲ್ಲುತ್ತದೆ.

ಹಾಗಾಗಿ ನಾನು ಮೊದಲು ಬದಲಿಸಿದ್ದು ಎಷ್ಟು ತಿನ್ನುತ್ತೇನೆ ಅನ್ನೋದನ್ನಲ್ಲ. ಸುಮ್ನೆ ಒಳಗೆ ಜಾರುವುದನ್ನು ನನ್ನ ಕೈಗೆ ಸಿಗದ ಹಾಗೆ ಇಟ್ಟೆ. ತಿಂಡಿ ಡಬ್ಬಿಗಳು ಅತ್ತೆಯ ಕೋಣೆಗೆ ಹೋದವು. ಮಂಡಕ್ಕಿ ಪೂರ್ತಿ ಬಿಟ್ಟಿಲ್ಲ. ದಾವಣಗೆರೆಯಲ್ಲಿದ್ದು ಮಂಡಕ್ಕಿ ಬಿಡ್ತೀನಿ ಅಂದರೆ ನಂಬುವವರು ಯಾರು? ಭಾನುವಾರ ಮಾತ್ರ, ಅದೂ ಊಟ ಆದ ಮೇಲೆ ಒಂದು ಹಿಡಿ. ಗಟ್ಟಿ ಊಟ ಒಳಗಿದ್ದಾಗ ಹಿಡಿಗಿಂತ ಜಾಸ್ತಿ ಹೋಗೋದೂ ಇಲ್ಲ. ಕಾಫಿ ದಿನಕ್ಕೆ ಎರಡಕ್ಕೆ ಇಳಿಯಿತು. ಸಕ್ಕರೆ ಬಿಡೋಕೆ ತಿಂಗಳುಗಳೇ ಹಿಡಿದವು.

ಊಟದ ಜೊತೆ ನೀರು ಕುಡಿಯದಿರೋದು ಹಳೇ ನಿಯಮ. ಸರ್ಜರಿ ಆದ ಹೊಸದರಲ್ಲಿ ಎಲ್ಲರಿಗೂ ಹೇಳುತ್ತಾರೆ, ಎಲ್ಲರೂ ಮರೆಯುತ್ತಾರೆ. ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ನಮ್ಮ ಬೇಸಿಗೆಯಲ್ಲಿ ಇದು ಕಷ್ಟ. ಅದಕ್ಕೆ ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಕುಡಿದು ಮುಗಿಸಿಬಿಡುತ್ತೇನೆ.

ಇನ್ನು ಪ್ರೋಟೀನ್. ನನಗೆ ಹೇಳಿದ್ದು ದಿನಕ್ಕೆ 60ರಿಂದ 80 ಗ್ರಾಂ. ಕೋಳಿ, ಮೀನು ತಿನ್ನುವವರಿಗೆ ಇದು ದೊಡ್ಡ ಮಾತಲ್ಲ. ನಮ್ಮ ಥರದವರಿಗೆ, ಅದೂ ಅಂಗೈಯಷ್ಟೇ ಹಿಡಿಯುವ ಹೊಟ್ಟೆಗೆ, ಇದು ದಿನಾ ಮಾಡಬೇಕಾದ ಗಣಿತ. ಬೇಳೆ ತಿಂತೀನಲ್ಲ ಅಂತ ನಾನೂ ಅಂದೆ. ಒಂದು ಬಟ್ಟಲು ಸಾರಿನಲ್ಲಿ ಬೇಳೆ ಎಷ್ಟಿರುತ್ತದೆ? ತಿಳಿಸಾರಿನಲ್ಲಂತೂ ಪ್ರೋಟೀನ್ ಹುಡುಕಬೇಕು. ಗಟ್ಟಿ ತೊವ್ವೆ ಒಂದು ಬಟ್ಟಲು ತಿಂದರೆ ಆರೇಳು ಗ್ರಾಂ ಸಿಗಬಹುದು. ಅಷ್ಟರಲ್ಲಿ ನನ್ನ ಹೊಟ್ಟೆ ತುಂಬಿರುತ್ತದೆ.

ಈಗ ನನ್ನ ದಿನ ಹೀಗಿದೆ. ಬೆಳಿಗ್ಗೆ ನೆನೆಸಿದ ಹೆಸರುಬೇಳೆ ರುಬ್ಬಿ ಒಂದು ದೋಸೆ, ಒಳಗೆ 50 ಗ್ರಾಂ ಪನೀರ್ ತುರಿ. ಎರಡೂ ಸೇರಿ 15 ಗ್ರಾಂ ದಾಟುತ್ತದೆ. ಹನ್ನೊಂದಕ್ಕೆ ಬ್ಯಾಂಕಿನಲ್ಲಿ ಒಂದು ಸ್ಕೂಪ್ ವೇ ಪೌಡರ್. ಅದು ಹಾಲಿನಿಂದಲೇ ತೆಗೆದದ್ದು, ಹಾಗಾಗಿ ಮನೆಯಲ್ಲಿ ಗಲಾಟೆ ಆಗಲಿಲ್ಲ. ಸಿಹಿ ಇಲ್ಲದ್ದನ್ನು ತಂದು ಮಜ್ಜಿಗೆಗೆ ಉಪ್ಪು, ಜೀರಿಗೆ ಪುಡಿ ಹಾಕಿ ಕಲಸುತ್ತೇನೆ. ಚಾಕೊಲೇಟ್ ವಾಸನೆಯದ್ದಕ್ಕಿಂತ ಇದು ಎಷ್ಟೋ ವಾಸಿ. ಅಲ್ಲಿಗೆ ಇನ್ನೊಂದು 24 ಗ್ರಾಂ ಆಯಿತು. ಮಧ್ಯಾಹ್ನ ಮೊದಲು ಮಡಿಕೆಕಾಳು ಅಥವಾ ಹೆಸರುಕಾಳು ಪಲ್ಯ, ಆಮೇಲೆ ಗಟ್ಟಿ ಮೊಸರು, ಕೊನೆಗೆ ಜಾಗ ಇದ್ದರೆ ಅರ್ಧ ಜೋಳದ ರೊಟ್ಟಿ. ಮೊಸರನ್ನು ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ನೇತು ಹಾಕುತ್ತೇನೆ. ನೀರು ಇಳಿದ ಮೇಲೆ ಅಷ್ಟೇ ಬಟ್ಟಲಿನಲ್ಲಿ ಸುಮಾರು ಎರಡು ಪಟ್ಟು ಪ್ರೋಟೀನ್. ರಾತ್ರಿ ಸೋಯಾ ಚಂಕ್ಸ್. ಒಣಗಿದ್ದು 30 ಗ್ರಾಂ ನೆನೆಸಿ, ಹಿಂಡಿ, ಈರುಳ್ಳಿ ಮಸಾಲೆ ಹಾಕಿ ಬಾಡಿಸಿದರೆ 15 ಗ್ರಾಂ ಪ್ರೋಟೀನ್. ಅದರ ರುಚಿ ಬಗ್ಗೆ ನಾನೇನೂ ಹೇಳೋದಿಲ್ಲ.

ಮುಖ್ಯ ಆಗಿದ್ದು ಈ ಸರದಿ. ರೊಟ್ಟಿ ಮೊದಲು ತಿಂದರೆ ಕಾಳಿಗೆ ಜಾಗ ಇರೋದಿಲ್ಲ. ಕಾಳು ಮೊದಲು ತಿಂದರೆ ರೊಟ್ಟಿ ತಾನೇ ಕಡಿಮೆಯಾಗುತ್ತದೆ. ಶೇಂಗಾ ಚಟ್ನಿಪುಡಿ ಬಗ್ಗೆ ಒಂದು ಮಾತು. ಅದನ್ನು ಪ್ರೋಟೀನ್ ಅಂತ ಮೂರು ಚಮಚ ಹಾಕಿಕೊಳ್ಳಬೇಡಿ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ.

ಡಾಕ್ಟರು ಎಂಡೋಸ್ಕೋಪಿ ಮಾಡಿ ನೋಡಿದರು. ಸ್ಲೀವ್ ಸ್ವಲ್ಪ ಹಿಗ್ಗಿತ್ತು, ಅಷ್ಟೇ. ಥೈರಾಯ್ಡ್ ಸರಿ ಇತ್ತು. ಬಿ12 ಮತ್ತು ಕಬ್ಬಿಣ ಪಾತಾಳದಲ್ಲಿದ್ದವು. ತೂಕ ಏರಿದೆ ಅಂದ ಮಾತ್ರಕ್ಕೆ ಪೋಷಣೆ ಸರಿಯಿದೆ ಅಂತಲ್ಲ. ಮಾತ್ರೆಗಳು ಜೀವನಪೂರ್ತಿ. ಕಬ್ಬಿಣದ್ದಕ್ಕೂ ಕ್ಯಾಲ್ಸಿಯಂನದ್ದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಿದರೆ ದುಡ್ಡು ದಂಡ. ತೂಕ ಏರಿಸುವ ಬೇರೆ ಔಷಧ ಏನಾದರೂ ತಗೋತಿದ್ದೀರಾ ಅಂತಲೂ ಕೇಳಿದರು. ಸ್ಟಿರಾಯ್ಡ್, ಇನ್ಸುಲಿನ್, ಖಿನ್ನತೆಯ ಕೆಲವು ಮಾತ್ರೆಗಳು ಹಾಗೆ ಮಾಡುತ್ತವೆ. ನನಗೆ ಯಾವುದೂ ಇರಲಿಲ್ಲ.

ಮತ್ತೊಂದು ಸರ್ಜರಿ ಮಾಡಿ ಅಂತ ನಾನೇ ಕೇಳಿದ್ದೆ. ಸ್ಲೀವ್ ಅನ್ನು ಬೈಪಾಸ್‌ಗೆ ಬದಲಾಯಿಸಬಹುದು. ತೀವ್ರ ಆಸಿಡ್ ತೊಂದರೆ ಇರುವವರಿಗೆ ಅದು ಒಳ್ಳೆಯ ದಾರಿ. ಆದರೆ ಎರಡನೇ ಸರ್ಜರಿಯ ಅಪಾಯ ಮೊದಲನೆಯದಕ್ಕಿಂತ ಜಾಸ್ತಿ. ಸಂಜೆಯ ಮಂಡಕ್ಕಿ ಬೈಪಾಸ್ ಆದ ಮೇಲೂ ಜಾರುತ್ತದೆ ಅಂದರು ಡಾಕ್ಟರು. ಅಲ್ಲಿಗೆ ಆ ಮಾತು ಬಿಟ್ಟೆ.

ಆರು ತಿಂಗಳಲ್ಲಿ 91ರಿಂದ 86ಕ್ಕೆ ಬಂದೆ. ಆಮೇಲೆ ತಕ್ಕಡಿ ಅಲ್ಲಾಡಲಿಲ್ಲ.

ಅಲ್ಲಿಂದ ಮುಂದಕ್ಕೆ ಎರಡು ಸೇರಿದವು. ಒಂದು, ಭಾರ ಎತ್ತೋದು. ಅಲ್ಲಿಯವರೆಗೆ ನನಗೆ ವ್ಯಾಯಾಮ ಅಂದರೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್. ವಾಕಿಂಗ್ ಒಳ್ಳೆಯದೇ, ಈಗಲೂ ಹೋಗುತ್ತೇನೆ. ಆದರೆ ಸರ್ಜರಿ ನಂತರ ಕೊಬ್ಬಿನ ಜೊತೆ ಸ್ನಾಯುವೂ ಕರಗಿರುತ್ತದೆ. ತೂಕ ಮರಳುವಾಗ ಬರೋದು ಮಾತ್ರ ಹೆಚ್ಚಾಗಿ ಕೊಬ್ಬು. ಸ್ನಾಯು ವಾಪಸ್ ಬೇಕು ಅಂದರೆ ಅದಕ್ಕೆ ಕೆಲಸ ಕೊಡಬೇಕು. ಮೊದಲು ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯೋದು, ರಬ್ಬರ್ ಬ್ಯಾಂಡ್ ಎಳೆಯೋದು. ಆಮೇಲೆ ಜಿಮ್‌ಗೆ ಸೇರಿದೆ. 48 ವಯಸ್ಸಿನ ಹೆಂಗಸು ಚೂಡಿದಾರ್ ಹಾಕಿಕೊಂಡು ಡಂಬೆಲ್ ಎತ್ತೋದನ್ನು ಹುಡುಗರು ಮೊದಲ ವಾರ ನೋಡಿದರು, ಆಮೇಲೆ ಅವರಿಗೂ ಬೇಜಾರಾಯಿತು.

ಇನ್ನೊಂದು, ಔಷಧಿ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಭಾರತಕ್ಕೆ ಬಂತು, ಜೂನ್‌ನಲ್ಲಿ ತೂಕಕ್ಕೆ ಕೊಡುವ ಸೆಮಾಗ್ಲುಟೈಡ್. ಎರಡೂ ಹಸಿವು ತಗ್ಗಿಸುವ, ವಾರಕ್ಕೊಂದು ಸಲದ ಚುಚ್ಚುಮದ್ದು. ಸರ್ಜರಿ ಮಾಡಿಸಿಕೊಂಡವಳು ಮತ್ತೆ ಇಂಜೆಕ್ಷನ್ ತಗೊಳ್ಳೋದಾ ಅಂತ ನನಗೂ ಅನಿಸಿತ್ತು. ಬಿಪಿಗೆ ಒಂದು ಮಾತ್ರೆ ಸಾಲದಿದ್ದರೆ ಎರಡನೆಯದು ಸೇರಿಸೋದಿಲ್ವಾ ಅಂದರು ಡಾಕ್ಟರು. ಅದೂ ಸರಿಯೇ. ನಾನು ಟಿರ್ಜೆಪಟೈಡ್ ಶುರು ಮಾಡಿದೆ. ಆಗ 2.5 ಮಿಲಿಗ್ರಾಂನ ಒಂದು ವಯಲ್ 3,500 ರೂಪಾಯಿ, 5 ಮಿಲಿಗ್ರಾಂನದ್ದು 4,375. ತಿಂಗಳಿಗೆ ನಾಲ್ಕು. ಬ್ಯಾಂಕ್ ಸಂಬಳದಲ್ಲೂ ಇದು ಚುರುಕ್ ಅನ್ನುತ್ತದೆ.

ಕೆಲಸ ಮಾಡಿತು. ತಲೆಯಲ್ಲಿ ಸದಾ ಓಡುತ್ತಿದ್ದ ತಿಂಡಿಯ ಯೋಚನೆ ಕಡಿಮೆಯಾಯಿತು. ಮೊದಲ ವಾರಗಳಲ್ಲಿ ವಾಕರಿಕೆ, ಮಲಬದ್ಧತೆ ಇತ್ತು. ಆದರೆ ಚಿಕ್ಕ ಹೊಟ್ಟೆಯವರಿಗೆ ಇದರಲ್ಲಿ ಒಂದು ಅಪಾಯ ಇದೆ. ಹಸಿವೇ ಇಲ್ಲ ಅಂತ ಊಟ ಬಿಟ್ಟರೆ ಪ್ರೋಟೀನ್ ಬೀಳುತ್ತದೆ, ಸ್ನಾಯು ಮತ್ತೆ ಕರಗುತ್ತದೆ. ಹಾಗಾಗಿ ಹಸಿವು ನೋಡಿ ಅಲ್ಲ, ಗಡಿಯಾರ ನೋಡಿ ತಿಂದೆ. ಔಷಧಿ ನಿಲ್ಲಿಸಿದರೆ ತೂಕ ಮರಳೋದು ಸಾಮಾನ್ಯ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದಿದ್ದರ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ವಾಪಸ್ ಬಂದದ್ದು ದಾಖಲಾಗಿದೆ. ನಾನಿನ್ನೂ ಕಡಿಮೆ ಡೋಸ್‌ನಲ್ಲಿದ್ದೇನೆ. ಯಾರೋ ತಗೊಂಡರು ಅಂತ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ವಸ್ತು ಇದಲ್ಲ.

72ಕ್ಕೆ ಯಾವಾಗ ಬರ್ತೀನಿ ಅಂತ ಕೇಳಿದ್ದಕ್ಕೆ ಡಾಕ್ಟರು ಆ ಅಂಕಿಯನ್ನು ಕಾಗದದಿಂದ ಹೊಡೆದುಹಾಕಿದರು. ಮಂಡಿ ನೋಯದಿದ್ದರೆ, ಸಕ್ಕರೆ ಹತೋಟಿಯಲ್ಲಿದ್ದರೆ, 80 ನನ್ನ ತೂಕ. ಸಕ್ಕರೆ ಈಗ 5.7. ಇದನ್ನು ಒಪ್ಪಿಕೊಳ್ಳೋಕೆ ಸೋಯಾ ಚಂಕ್ಸ್ ಒಪ್ಪಿಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಬೀರುವಿನಲ್ಲಿದ್ದ 72ರ ಕಾಲದ ಬ್ಲೌಸ್‌ಗಳನ್ನು ತಂಗಿಗೆ ಕೊಟ್ಟೆ.

ಊರಿನ ಬಾಯಿ ಮಾತ್ರ ಬೇರೆ ವಿಷಯ. ಆಪರೇಷನ್ ಮಾಡಿಸಿದ್ಲಲ್ಲ, ದುಡ್ಡೆಲ್ಲ ನೀರಲ್ಲಿ ಹೋಯ್ತು ಅಂತ ನನ್ನ ಕಿವಿಗೆ ಬೀಳುವ ಹಾಗೆಯೇ ಹೇಳಿದವರಿದ್ದಾರೆ. ಅವರಿಗೆ ಉತ್ತರ ಕೊಡೋದು ಬಿಟ್ಟಿದ್ದೇನೆ. ಮದುವೆ ಮನೆಯಲ್ಲಿ ಪಂಕ್ತಿ ಊಟ ನನಗೆ ಕಷ್ಟ. ಬಡಿಸುವವರ ವೇಗಕ್ಕೆ ಅಗಿದು ತಿನ್ನೋಕಾಗಲ್ಲ. ಬಫೆ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಸಾಲಿನ ತುದಿಯಲ್ಲಿ ಕೂರುತ್ತೇನೆ. ಮೊದಲು ಕೋಸಂಬರಿ ಎರಡು ಸಲ ಹಾಕಿಸಿಕೊಳ್ಳುತ್ತೇನೆ, ಅದರಲ್ಲಿ ಹೆಸರುಬೇಳೆ ಇದೆಯಲ್ಲ. ಆಮೇಲೆ ಕಾಳು ಪಲ್ಯ. ಹೋಳಿಗೆ ಅರ್ಧ, ತುಪ್ಪದ ಸಮೇತ. ಅನ್ನ ಬರುವ ಹೊತ್ತಿಗೆ ಎಲೆ ಮೇಲೆ ಕೈ ಅಡ್ಡ ಇಡುತ್ತೇನೆ. ಯಾಕಮ್ಮ ಇಷ್ಟೇನಾ ಅಂತ ಬೇಜಾರು ಮಾಡಿಕೊಳ್ಳುವ ಹಿರಿಯರಿಗೆ ಡಾಕ್ಟರ್ ಬೇಡ ಅಂದಿದ್ದಾರೆ ಅಂದರೆ ಸಾಕು, ಮುಂದಿನ ಎಲೆಗೆ ಹೋಗಿಬಿಡುತ್ತಾರೆ.