ಚಾವಡಿಯ ಮಾತು ಮನೆಯೊಳಗೇ ಉಳಿಯಿತು: ನನ್ನ ಅನುಭವ

ಹಿರಿಯಡ್ಕದ ನಮ್ಮ ಮನೆಯ ನಾಲ್ಕು ಕ್ಯಾಮೆರಾಗಳು ಈಗ ಹೊರಗಿನ ಯಾವ ಸರ್ವರಿಗೂ ಏನನ್ನೂ ಕಳುಹಿಸುತ್ತಿಲ್ಲ. ಆದರೂ ಅಂಗಳದಲ್ಲಿ ಹರಡಿದ ಅಡಿಕೆಯನ್ನು ಅಣ್ಣ ಮುಂಬೈಯಿಂದಲೇ ಮೊಬೈಲಿನಲ್ಲಿ ನೋಡುತ್ತಾನೆ. ಕ್ಲೌಡ್, ಅಂದರೆ ಕಂಪನಿಯ ಸರ್ವರ್, ಇಲ್ಲದೆ ಅದು ಸಾಧ್ಯವೇ ಇಲ್ಲವೆಂದು ಕ್ಯಾಮೆರಾ ಅಳವಡಿಸಿದವರೂ ಹೇಳಿದ್ದರು, ಭಾವನವರೂ ಹೇಳಿದ್ದರು. ನಾನು ಬಿಡಲಿಲ್ಲ. ಒಂದು ಕ್ಯಾಮೆರಾ ಇರುವುದು ಚಾವಡಿಯಲ್ಲಿ, ಅಮ್ಮ ಮಧ್ಯಾಹ್ನ ಒರಗುವ ಜಾಗದಲ್ಲಿ. ಅದು ಮಾತನ್ನೂ ಹಿಡಿಯುತ್ತದೆ.

ಮೊದಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ, ಬೇಡದ ಸರ್ವರುಗಳ ಹೆಸರನ್ನು ತಡೆಯುವ ಪೈ-ಹೋಲ್ ಎಂಬ ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಹಾಕಿ ಗೆದ್ದೆನೆಂದುಕೊಂಡೆ. ಎರಡು ವಾರದ ನಂತರ ರೂಟರಿನ ಲಾಗ್ ತೆಗೆದರೆ ಎದೆ ಧಸಕ್ಕೆಂದಿತು. ಕ್ಯಾಮೆರಾಗಳು ನನ್ನ ಡಿಎನ್‌ಎಸ್ ಅನ್ನು ಕೇಳುತ್ತಲೇ ಇರಲಿಲ್ಲ. ನೇರವಾಗಿ ಗೂಗಲ್‌ನ ಡಿಎನ್‌ಎಸ್ ಆದ 8.8.8.8ಕ್ಕೆ ಹೋಗುತ್ತಿದ್ದವು, ಕೆಲವೊಮ್ಮೆ ಹೆಸರು ವಿಚಾರಿಸದೆ ಐಪಿ ವಿಳಾಸಕ್ಕೇ. ಮೇ ತಿಂಗಳ ಸಿಡಿಲಿಗೆ ರೂಟರಿನ ಎರಡು ಪೋರ್ಟ್ ಸುಟ್ಟವು. ಜೂನ್‌ನಲ್ಲಿ ಕರೆಂಟ್ ಹೋಗಿ ಬಂದು ಪೈಯ ಮೆಮೊರಿ ಕಾರ್ಡ್ ಎರಡು ಸಲ ಕೆಟ್ಟಿತು. ಸುಮಾರು ಐದು ಸಾವಿರ ರೂಪಾಯಿ ಹೀಗೆಯೇ ಹೋಯಿತು.

ಆಮೇಲೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶದ ರೂಟರಿನಲ್ಲಿ ಕ್ಯಾಮೆರಾಗಳಿಗೆ ಬೇರೆ ವಿಎಲ್ಯಾನ್ (ಮನೆಯ ನೆಟ್‌ವರ್ಕಿನೊಳಗೇ ಪ್ರತ್ಯೇಕ ಭಾಗ) ಮಾಡಿ, ಹೊರಗಿನ ದಾರಿಯನ್ನು ಪೂರ್ತಿ ಮುಚ್ಚಿದೆ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗೆ ಏಳೆಂಟು ಸಾವಿರ, ಡಿಸ್ಕ್‌ಗೆ ಮೂರೂವರೆ. ಅದರಲ್ಲಿ ಫ್ರಿಗೇಟ್ ಎಂಬ ರೆಕಾರ್ಡಿಂಗ್ ತಂತ್ರಾಂಶ; ಕ್ಯಾಮೆರಾದ ವಿಡಿಯೊ ಅದಕ್ಕೆ ಆರ್‌ಟಿಎಸ್‌ಪಿ ಎಂಬ ವಿಧಾನದಲ್ಲಿ ಮನೆಯೊಳಗಿಂದಲೇ ಬರುತ್ತದೆ. ಮರುದಿನವೇ ಹೊಸ ಪೀಡೆ: ಹೊರಗಿನಿಂದ ಸಮಯ ಕೇಳಲಾಗದೆ, ಕರೆಂಟ್ ಹೋಗಿ ಬಂದಾಗಲೆಲ್ಲ ಕ್ಯಾಮೆರಾದ ದಿನಾಂಕ 1970ಕ್ಕೆ ಜಾರುತ್ತಿತ್ತು. ರೂಟರನ್ನೇ ಸಮಯ ಹೇಳುವ ಎನ್‌ಟಿಪಿ ಸರ್ವರ್ ಮಾಡಿ, ಸಮಯ ಕೇಳುವ 123ನೇ ಪೋರ್ಟಿನ ಕೋರಿಕೆಗಳನ್ನು ಅದಕ್ಕೇ ತಿರುಗಿಸಿದೆ. ಮೂರು ಕ್ಯಾಮೆರಾಗಳು ಒಪ್ಪಿದವು. ನಾಲ್ಕನೆಯದನ್ನು ಒಪ್ಪಿಸಿದ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಣ್ಣನಿಗೆ ತೋರಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನಮ್ಮ ಫೈಬರ್ ಸಿಜಿನ್ಯಾಟ್ ಹಿಂದಿದೆ, ಅಂದರೆ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವುದರಿಂದ ಹೊರಗಿನಿಂದ ನೇರ ದಾರಿ ಇಲ್ಲ. ಸ್ಥಿರ ವಿಳಾಸಕ್ಕೆ ವರ್ಷಕ್ಕೆ ಎರಡು ಸಾವಿರದಷ್ಟು ಕೇಳಿದರು, ನಾನು ಕೊಡಲಿಲ್ಲ. ಹಂಚಿಕೊಳ್ಳಬೇಕಿಲ್ಲದ ಹೊಸ ಬಗೆಯ ವಿಳಾಸ, ಐಪಿವಿ6, ಮೊದಲೇ ಇತ್ತು, ಅಣ್ಣನ ಮೊಬೈಲಿನಲ್ಲೂ ಇತ್ತು. ಅದರ ಮೇಲೆ ವೈರ್‌ಗಾರ್ಡ್ (ಮನೆಗೆ ಗೂಢಲಿಪಿಯ ಖಾಸಗಿ ದಾರಿ ಮಾಡುವ ವಿಪಿಎನ್) ಹಾಕಿದೆ. ಮೊದಲ ಸಲ ಚಿತ್ರ ಮೂಡಿದಾಗ ಅಣ್ಣ ಕೇಳಿದ್ದು, "ಅಡಿಕೆ ಮಗುಚಲಿಲ್ಲವೇ ಇನ್ನೂ?"

ಇದೇ ಭರದಲ್ಲಿ ಟಿವಿಯನ್ನೂ ಒಂದು ರಾತ್ರಿ ಕಾದೆ. ಆರಿಸಿಟ್ಟಿದ್ದರೂ ಬೆಳಗಿನೊಳಗೆ ಮುನ್ನೂರರಷ್ಟು ಸಲ ಹೊರಗಿನ ಸರ್ವರುಗಳನ್ನು ಸಂಪರ್ಕಿಸಿತ್ತು. ಪರದೆಯ ಮೇಲಿನದನ್ನು ಗುರುತಿಸುವ ಎಸಿಆರ್ ಅನ್ನು ಸೆಟ್ಟಿಂಗ್‌ನಲ್ಲಿ ಹುಡುಕಿ ನಿಲ್ಲಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತು. ಸೆಟ್‌ಟಾಪ್ ಬಾಕ್ಸಿನಿಂದ ಬರುವ ಚಿತ್ರವನ್ನೂ ಅದು ಗುರುತಿಸಬಲ್ಲದು. ನಿಮ್ಮಲ್ಲೂ ನೋಡಿ.

ಸೋತದ್ದು ಪಂಪಿನ ಸ್ಮಾರ್ಟ್ ಸ್ವಿಚ್‌ನಲ್ಲಿ ಮಾತ್ರ. ಚಿಪ್ ಬೇರೆಯದು, ಕ್ಲೌಡ್ ಇಲ್ಲದೆ ಸ್ವಿಚ್ ನಡೆಸುವ ಟಾಸ್ಮೋಟಾ ತಂತ್ರಾಂಶ ಅದಕ್ಕೆ ಏರಲಿಲ್ಲ. ಟಾಸ್ಮೋಟಾ ಒಪ್ಪುವ ಇಎಸ್‌ಪಿ8266 ಚಿಪ್ ಇರುವ ಹಳೆಯ ಸ್ವಿಚ್ ಯಾರಲ್ಲಾದರೂ ಉಳಿದಿದ್ದರೆ ತಿಳಿಸಿ, ಹಣ ಕೊಟ್ಟು ಕೊಳ್ಳುತ್ತೇನೆ.